ಹದಗೆಡುತ್ತಿರುವ ರೋಗಿ: ದೇಹ ಕೊಡುವ ಮುನ್ಸೂಚನೆಗಳು



ಆಸ್ಪತ್ರೆಯ ವಾರ್ಡಿನಲ್ಲಿ ನೀವು ಎಂದಾದರೂ ಒಂದು ರಾತ್ರಿ ಕಳೆದಿದ್ದೀರಾ? ನಮ್ಮಲ್ಲಿ ಮನೆಯವರೊಬ್ಬರು ಆಸ್ಪತ್ರೆ ಸೇರಿದರೆ ಜೊತೆಗೆ ಇನ್ನೊಬ್ಬರು ಇರಲೇಬೇಕು. ಹಗಲು ಅಮ್ಮನೋ ಚಿಕ್ಕಮ್ಮನೋ ಇರುತ್ತಾರೆ. ರಾತ್ರಿಯ ಸರದಿ ಮಾತ್ರ ಬಹಳ ಸಲ ಕಾಲೇಜಿಗೆ ಹೋಗುವ ಹುಡುಗನಿಗೋ ಹುಡುಗಿಗೋ ಬರುತ್ತದೆ. ಫ್ಲಾಸ್ಕು, ಚಾಪೆ, ಹೊದಿಕೆ ಹಿಡಿದುಕೊಂಡು ಹೋಗಿ ಮಂಚದ ಪಕ್ಕ ನೆಲದ ಮೇಲೆ ಮಲಗುವವರು ನೀವೇ. ಆದ್ದರಿಂದ ಈ ವಾರದ ಸಂವಾದದ ವಿಷಯ ಮೆಡಿಕಲ್ ಮತ್ತು ನರ್ಸಿಂಗ್ ಓದುವವರಿಗೆ ಮಾತ್ರ ಸೇರಿದ್ದಲ್ಲ. ಕಾರ್ಯಕ್ರಮ ನೋಡುವ ಮೊದಲು ಈ ಪುಟಗಳನ್ನು ಓದಿಕೊಂಡರೆ ಅಲ್ಲಿನ ಮಾತುಕತೆ ಸುಲಭವಾಗಿ ಅರ್ಥವಾದೀತು.

ನನ್ನದೇ ಒಂದು ಅನುಭವದಿಂದ ಆರಂಭಿಸುತ್ತೇನೆ. 1999ರ ಮಳೆಗಾಲ. ನಾನಾಗ ಬಿ.ಎಸ್ಸಿ. ವಿದ್ಯಾರ್ಥಿ. ನಮ್ಮ ದೊಡ್ಡಪ್ಪನವರಿಗೆ ಹೊಟ್ಟೆಯ ಆಪರೇಷನ್ ಆಗಿ ಎರಡು ದಿನವಾಗಿತ್ತು. ಸಂಜೆ ಗಂಜಿ ಕುಡಿದು ನನ್ನ ಜೊತೆ ಕ್ರಿಕೆಟ್ ವಿಷಯ ಮಾತನಾಡಿದ್ದರು. ರಾತ್ರಿ ಹನ್ನೊಂದರ ಹೊತ್ತಿಗೆ ಅವರ ಉಸಿರಾಟ ಸ್ವಲ್ಪ ಬೇಗ ಬೇಗ ಆಗುತ್ತಿದೆ ಅನ್ನಿಸಿತು. ಆಪರೇಷನ್ನಿನ ಆಯಾಸ ಇರಬೇಕೆಂದುಕೊಂಡೆ. ಒಂದು ಗಂಟೆಗೆ ಎದ್ದು ಕುಳಿತು, "ಬಸ್ಸು ಬಂತೇನೋ?" ಎಂದು ಕೇಳಿದರು. "ಇಲ್ಲ ದೊಡ್ಡಪ್ಪ, ಮಲಗಿ, ಕನಸು ಬಿದ್ದಿರಬೇಕು" ಎಂದು ಹೊದಿಕೆ ಹೊದಿಸಿದೆ. ಕೈ ತಣ್ಣಗಿತ್ತು. ಸಿಸ್ಟರ್ ಇಬ್ಬರೇ ಇದ್ದರು, ವಾರ್ಡು ತುಂಬಿತ್ತು. ಇಷ್ಟಕ್ಕೆಲ್ಲ ಹೋಗಿ ಕರೆದರೆ ಬೈಯುತ್ತಾರೇನೋ ಎಂಬ ಸಂಕೋಚ. ಬೆಳಗಿನ ಆರಕ್ಕೆ ಅವರನ್ನು ತೀವ್ರ ನಿಗಾ ಘಟಕಕ್ಕೆ ಸಾಗಿಸಿದರು. ಮೂರನೆಯ ದಿನ ತೀರಿಕೊಂಡರು.

ಸ್ಟ್ರೆಚರ್ ಹೋದಮೇಲೆ ಮಂಚದ ತುದಿಯಲ್ಲಿ ತೂಗುಹಾಕಿದ್ದ ಚಾರ್ಟನ್ನು ನೋಡಿದೆ. ಉಸಿರಾಟದ ಅಂಕಣದಲ್ಲಿ ರಾತ್ರಿಯಿಡೀ ಒಂದೇ ಅಂಕಿ: 20, 20, 20. ಯಾರೂ ಎಣಿಸಿರಲಿಲ್ಲ. ಪಕ್ಕದಲ್ಲೇ ಇದ್ದ ನಾನೂ ಎಣಿಸಿರಲಿಲ್ಲ. ಆ ರಾತ್ರಿ ಎಣಿಸಿದ್ದರೆ ಅವರು ಉಳಿಯುತ್ತಿದ್ದರೆಂದು ನಾನು ಹೇಳಲಾರೆ. ಆದರೆ ಐದು ಗಂಟೆಗಳಿಗೂ ಹೆಚ್ಚು ಕಾಲ ನಮ್ಮ ಕೈಯಲ್ಲಿತ್ತು, ಅದನ್ನು ನಾವು ಬಳಸಿಕೊಳ್ಳಲಿಲ್ಲ ಎಂಬುದಂತೂ ನಿಜ.

"ಇದ್ದಕ್ಕಿದ್ದಂತೆ" ಆಗುವುದು ಕಡಿಮೆ

"ಚೆನ್ನಾಗಿಯೇ ಇದ್ದರು, ಇದ್ದಕ್ಕಿದ್ದಂತೆ ಹೀಗಾಯಿತು" ಎಂಬ ಮಾತನ್ನು ನೀವು ಎಷ್ಟೋ ಸಲ ಕೇಳಿರುತ್ತೀರಿ. ಹೃದಯಾಘಾತದಂಥ ಕೆಲವು ಸಂದರ್ಭಗಳಲ್ಲಿ ಅದು ನಿಜವಿರಬಹುದು. ಆದರೆ ವಾರ್ಡಿನಲ್ಲಿರುವ ರೋಗಿಗಳ ವಿಷಯದಲ್ಲಿ ಸಾಮಾನ್ಯವಾಗಿ ಹಾಗಾಗುವುದಿಲ್ಲ. 1990ರಲ್ಲಿ ಅಮೆರಿಕದ ಮಯಾಮಿಯ ವೈದ್ಯರು ಆಸ್ಪತ್ರೆಯೊಳಗೇ ಹೃದಯಸ್ತಂಭನವಾದ 64 ರೋಗಿಗಳ ದಾಖಲೆಗಳನ್ನು ಹಿಂದಕ್ಕೆ ಓದಿ ನೋಡಿದರು. ಅವರಲ್ಲಿ 54 ಮಂದಿಯಲ್ಲಿ, ಅಂದರೆ ಶೇಕಡ 84ರಷ್ಟು ಜನರಲ್ಲಿ, ಹೃದಯ ನಿಲ್ಲುವುದಕ್ಕೆ ಮುಂಚಿನ 8 ಗಂಟೆಗಳಲ್ಲಿ ಸ್ಥಿತಿ ಹದಗೆಟ್ಟದ್ದು ಅಥವಾ ಹೊಸ ತೊಂದರೆ ಹೇಳಿಕೊಂಡದ್ದು ದಾಖಲೆಯಲ್ಲೇ ಬರೆದಿತ್ತು! ಬರೆದದ್ದರಿಂದ ಏನೂ ಆಗಿರಲಿಲ್ಲ, ಅಷ್ಟೇ.

1998ರಲ್ಲಿ ಬ್ರಿಟನ್ನಿನಲ್ಲಿ ಇದೇ ಬಗೆಯ ಇನ್ನೊಂದು ಅಧ್ಯಯನ ಪ್ರಕಟವಾಯಿತು. ತೀವ್ರ ನಿಗಾ ಘಟಕಕ್ಕೆ ಸೇರಿದ 100 ಮಂದಿಗೆ ಅದಕ್ಕೆ ಮೊದಲು ವಾರ್ಡಿನಲ್ಲಿ ಸಿಕ್ಕ ಆರೈಕೆ ಹೇಗಿತ್ತೆಂದು ತಜ್ಞರಿಬ್ಬರು ಪರಿಶೀಲಿಸಿದರು. 54 ಮಂದಿಯ ಆರೈಕೆ ಇರಬೇಕಾದಷ್ಟು ಸರಿಯಾಗಿರಲಿಲ್ಲವೆಂದು ಇಬ್ಬರೂ ಒಪ್ಪಿದರು. ಇಲ್ಲಿ ಕಾಣೆಯಾಗಿದ್ದದ್ದು ಹೊಸ ಔಷಧವಲ್ಲ. ಉಸಿರಿನ ದಾರಿ, ಉಸಿರಾಟ, ರಕ್ತಪರಿಚಲನೆ, ಆಮ್ಲಜನಕ ಕೊಡುವುದು, ಗಮನಿಸುತ್ತಿರುವುದು, ಇಂಥ ಪ್ರಾಥಮಿಕ ವಿಷಯಗಳಲ್ಲೇ ಲೋಪವಿತ್ತು.

ಟ್ಯಾಂಕು ಸೋರುತ್ತಿದೆ, ಮೋಟಾರು ಓಡುತ್ತಿದೆ

ದೇಹ ಮುನ್ಸೂಚನೆ ಕೊಡುತ್ತದೆ ಎಂದರೆ ಏನರ್ಥ? ನಿಮ್ಮ ಮನೆಯ ನೀರಿನ ವ್ಯವಸ್ಥೆಯನ್ನು ನೆನೆಯಿರಿ. ಕೆಳಗೆ ಸಂಪು, ಮೇಲೆ ಟ್ಯಾಂಕು, ನಡುವೆ ಮೋಟಾರು. ಟ್ಯಾಂಕು ಎಲ್ಲೋ ಸೋರುತ್ತಿದೆ ಎನ್ನೋಣ. ಮೋಟಾರು ಪದೇ ಪದೇ ಓಡಿ ತುಂಬಿಸುತ್ತಿರುವಷ್ಟು ಕಾಲ ಅಡುಗೆಮನೆಯ ನಲ್ಲಿಯಲ್ಲಿ ನೀರು ಎಂದಿನಂತೆಯೇ ಬರುತ್ತದೆ. ನಲ್ಲಿಯನ್ನಷ್ಟೇ ನೋಡುವವರಿಗೆ ಎಲ್ಲವೂ ಸರಿಯಾಗಿದೆ. ಮೋಟಾರಿನ ಸದ್ದು ಕೇಳುವವರಿಗೆ ಮಾತ್ರ ಏನೋ ತಪ್ಪಿದೆ ಎಂದು ಗೊತ್ತಾಗುತ್ತದೆ.

ದೇಹದಲ್ಲಿ ರಕ್ತದೊತ್ತಡ ಆ ನಲ್ಲಿಯಿದ್ದಂತೆ. ರಕ್ತಸ್ರಾವದಿಂದಲೋ, ನೀರಿನಂಶ ಕಡಿಮೆಯಾಗಿಯೋ, ರಕ್ತಕ್ಕೆ ಸೋಂಕು ಹರಡಿಯೋ ಪರಿಚಲನೆ ಕುಗ್ಗಿತೆನ್ನಿ. ಹೃದಯದ ಒಂದೊಂದು ಬಡಿತದಲ್ಲಿ ಹೊರಬೀಳುವ ರಕ್ತ ಕಡಿಮೆಯಾದಾಗ, ಬಡಿತಗಳ ಸಂಖ್ಯೆ ಹೆಚ್ಚಿಸಿ ಅದನ್ನು ಸರಿದೂಗಿಸುವ ಪ್ರಯತ್ನ ನಡೆಯುತ್ತದೆ. ನಾಡಿ ಏರುತ್ತದೆ. ಅನೇಕರಲ್ಲಿ ಚರ್ಮದ ರಕ್ತನಾಳಗಳು ಕಿರಿದಾಗಿ, ಇರುವ ರಕ್ತ ಮೆದುಳು ಮತ್ತು ಹೃದಯದ ಕಡೆಗೆ ತಿರುಗುತ್ತದೆ. ಕೈಕಾಲು ತಣ್ಣಗಾಗುವುದು ಇದರಿಂದ. ಮೂತ್ರಪಿಂಡಕ್ಕೆ ಹೋಗುವ ರಕ್ತ ಕಡಿಮೆಯಾದರೆ ಮೂತ್ರವೂ ಕಡಿಮೆ. ಇಷ್ಟೆಲ್ಲ ಆಗುತ್ತಿದ್ದರೂ ರಕ್ತದೊತ್ತಡ ಮಾತ್ರ ಬಹಳ ಹೊತ್ತು ಸರಿಯಾಗಿಯೇ ಕಾಣಬಹುದು. ಅದರಲ್ಲೂ ಎಳೆಯರಲ್ಲಿ ಈ ಹೊಂದಾಣಿಕೆಯ ಶಕ್ತಿ ಹೆಚ್ಚು. ಶಕ್ತಿ ಮುಗಿದಾಗ ಒತ್ತಡ ದಿಢೀರನೆ ಕುಸಿಯುತ್ತದೆ. "ಬಿ.ಪಿ. ಸರಿಯಾಗಿದೆ" ಎಂಬ ಒಂದೇ ಮಾತಿನಿಂದ ಸಮಾಧಾನಪಟ್ಟುಕೊಳ್ಳಬಾರದು ಎನ್ನುವುದು ಇದಕ್ಕೇ.

ಹಾಗಾದರೆ ಮೋಟಾರಿನ ಸದ್ದು ಯಾವುದು? ಎಲ್ಲಕ್ಕಿಂತ ಮೊದಲು ಕೇಳಿಸುವುದು ಬಹುಪಾಲು ಉಸಿರಾಟ. ಜೀವಕೋಶಗಳಿಗೆ ಆಮ್ಲಜನಕ ಸಾಲದಾದಾಗ ಅವು ಲ್ಯಾಕ್ಟಿಕ್ ಆಮ್ಲವನ್ನು ಹೆಚ್ಚು ಉತ್ಪಾದಿಸುತ್ತವೆ. ರಕ್ತದ ಆಮ್ಲೀಯತೆ ಏರುತ್ತದೆ. ಕತ್ತಿನ ಮುಖ್ಯ ಅಪಧಮನಿಯ ಬಳಿ ಇರುವ ಪುಟ್ಟ ಗ್ರಾಹಕಗಳು ಇದನ್ನು ಗ್ರಹಿಸುತ್ತವೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಾದರೆ ಮೆದುಳಿನ ಬುಡದಲ್ಲಿರುವ ಮೆಡುಲ್ಲಾದ ಗ್ರಾಹಕಗಳೂ ಎಚ್ಚರಗೊಳ್ಳುತ್ತವೆ. ಎರಡೂ ಕಡೆಯಿಂದ ಬರುವ ಆಜ್ಞೆ ಒಂದೇ: ಬೇಗ ಉಸಿರಾಡು, ಇಂಗಾಲದ ಡೈಆಕ್ಸೈಡನ್ನು ಹೊರಹಾಕು. ಪಿ.ಯು.ಸಿ. ಜೀವಶಾಸ್ತ್ರದಲ್ಲಿ ನೀವು ಓದುವ ಪಾಠವೇ ಇದು. ತೊಂದರೆ ಶ್ವಾಸಕೋಶದಲ್ಲಿ ಇಲ್ಲದಿದ್ದರೂ ಉಸಿರಾಟ ಏರುವುದು ಏಕೆಂದು ಈಗ ತಿಳಿಯಿತಲ್ಲವೇ?

ಯಂತ್ರ ಹೇಳದ ಅಂಕಿ

2020 ಮತ್ತು 2021ರ ಕೋವಿಡ್ ದಿನಗಳಲ್ಲಿ ಕರ್ನಾಟಕದ ಎಷ್ಟೋ ಮನೆಗಳಿಗೆ ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಬಂದಿತು. ಜಪಾನಿನ ತಕುವೊ ಅಯೊಯಾಗಿ ಎಂಬ ಇಂಜಿನಿಯರ್ 1970ರ ದಶಕದಲ್ಲಿ ಇದರ ತತ್ವವನ್ನು ಕಂಡುಕೊಂಡರು. ಕೆಂಪು ಬೆಳಕು ಮತ್ತು ಕಣ್ಣಿಗೆ ಕಾಣದ ಅವಗೆಂಪು ಬೆಳಕು ಬೆರಳಿನ ಮೂಲಕ ಹಾಯುತ್ತವೆ. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ನೂ ಹೊರದ ಹಿಮೋಗ್ಲೋಬಿನ್ನೂ ಇವನ್ನು ಬೇರೆ ಬೇರೆ ಪ್ರಮಾಣದಲ್ಲಿ ಹೀರುತ್ತವೆ. ನಾಡಿಯೊಂದಿಗೆ ಏರಿಳಿಯುವ ಭಾಗವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡು ಉಪಕರಣ ಶೇಕಡಾವಾರು ತೋರಿಸುತ್ತದೆ.

ಇದು ಅಮೂಲ್ಯ ಸಾಧನ. ಆದರೆ ಮಿತಿಗಳೂ ಇವೆ. ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣವಿದ್ದರೆ ಅಂಕಿ ತಪ್ಪಬಹುದು. ಕಪ್ಪು ಮೈಬಣ್ಣದವರಲ್ಲಿ ಅದು ನಿಜಕ್ಕಿಂತ ಹೆಚ್ಚು ಆಮ್ಲಜನಕ ತೋರಿಸುವ ಸಾಧ್ಯತೆ ಇದೆಯೆಂದು 2020ರಲ್ಲಿ ಅಮೆರಿಕದ ಅಧ್ಯಯನವೊಂದು ಎಚ್ಚರಿಸಿತು. ಎಲ್ಲಕ್ಕಿಂತ ಮುಖ್ಯವಾದದ್ದು ಇದು: ರೋಗಿ ಕಷ್ಟಪಟ್ಟು ನಿಮಿಷಕ್ಕೆ 28 ಸಲ ಉಸಿರಾಡುತ್ತ ಆಮ್ಲಜನಕವನ್ನು 96ರಲ್ಲಿ ಉಳಿಸಿಕೊಂಡಿರಬಹುದು. ಯಂತ್ರ 96 ಎನ್ನುತ್ತದೆ. ಅದಕ್ಕೆ ತೆತ್ತ ಬೆಲೆಯನ್ನು ಹೇಳುವುದಿಲ್ಲ.

ವಾರ್ಡುಗಳಲ್ಲಿ ನಾಡಿ, ರಕ್ತದೊತ್ತಡ, ಆಮ್ಲಜನಕಗಳನ್ನು ಯಂತ್ರ ಅಳೆಯುತ್ತದೆ. ಉಸಿರಾಟವನ್ನು ಸಾಮಾನ್ಯವಾಗಿ ಮನುಷ್ಯರೇ ಗಡಿಯಾರ ನೋಡುತ್ತ ಎಣಿಸಬೇಕು. ಅದಕ್ಕೆ ಒಂದು ನಿಮಿಷ ಬೇಕು. ಕೆಲಸದ ಒತ್ತಡದಲ್ಲಿ ಆ ನಿಮಿಷ ಸಿಗದೆ, ಅಂದಾಜಿನ ಅಂಕಿ ಚಾರ್ಟು ಸೇರುತ್ತದೆ. ನಾನು ಕಂಡ ಮೂರು 20ಗಳು ಒಂದೂರಿನ ಕಥೆಯಲ್ಲ. ಜಗತ್ತಿನ ಅನೇಕ ದೇಶಗಳ ವೈದ್ಯರು ಉಸಿರಾಟವನ್ನು "ಅಲಕ್ಷಿತ ಅಳತೆ" ಎಂದೇ ಕರೆದಿದ್ದಾರೆ.

ಏಳು ವಿಷಯಗಳಿಗೆ ಅಂಕ

ಸಣ್ಣಪುಟ್ಟ ಬದಲಾವಣೆಗಳನ್ನು ಒಟ್ಟಾಗಿ ನೋಡುವುದು ಹೇಗೆ? 1997ರಲ್ಲಿ ಇಂಗ್ಲೆಂಡಿನ ಗ್ರೇಟ್ ಯಾರ್ಮತ್ ಪಟ್ಟಣದ ವೈದ್ಯರು ಇದಕ್ಕೆ ಸರಳ ಉಪಾಯವೊಂದನ್ನು ಮುಂದಿಟ್ಟರು. ಪ್ರತಿಯೊಂದು ಅಳತೆಯೂ ಸಹಜಸ್ಥಿತಿಯಿಂದ ಎಷ್ಟು ದೂರ ಹೋಗಿದೆಯೋ ಅಷ್ಟು ಅಂಕ ಕೊಟ್ಟು, ಕೊನೆಗೆ ಕೂಡುವುದು. ನಮ್ಮ ಪರೀಕ್ಷೆಗಳಿಗೆ ತದ್ವಿರುದ್ಧವಾಗಿ ಇಲ್ಲಿ ಸೊನ್ನೆ ಬಂದರೆ ಉತ್ತಮ! ಬೇರೆ ಬೇರೆ ಆಸ್ಪತ್ರೆಗಳು ತಮ್ಮದೇ ಪಟ್ಟಿಗಳನ್ನು ಮಾಡಿಕೊಂಡ ಮೇಲೆ, ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ ಸಂಸ್ಥೆ 2012ರಲ್ಲಿ ಇಡೀ ದೇಶಕ್ಕೆ ಒಂದೇ ಪಟ್ಟಿ ತಂದಿತು. 2017ರಲ್ಲಿ ಅದನ್ನು ಪರಿಷ್ಕರಿಸಿತು. ಇದರ ಹೆಸರು ನ್ಯಾಷನಲ್ ಅರ್ಲಿ ವಾರ್ನಿಂಗ್ ಸ್ಕೋರ್, ಚಿಕ್ಕದಾಗಿ "ನ್ಯೂಸ್". ನಮ್ಮ ದೇಶದ ಕೆಲವು ಆಸ್ಪತ್ರೆಗಳಲ್ಲೂ ಇಂಥ ಪಟ್ಟಿಗಳು ಬಳಕೆಯಲ್ಲಿವೆ.

ನೋಡುವ ಏಳು ವಿಷಯಗಳು ಇವು: ಉಸಿರಾಟದ ವೇಗ, ರಕ್ತದ ಆಮ್ಲಜನಕ, ಹೊರಗಿನಿಂದ ಆಮ್ಲಜನಕ ಕೊಡುತ್ತಿದ್ದಾರೆಯೇ ಎಂಬುದು, ರಕ್ತದೊತ್ತಡದ ಮೇಲಿನ ಅಂಕಿ, ನಾಡಿ, ಎಚ್ಚರ, ಉಷ್ಣತೆ. ಉದಾಹರಣೆಗೆ, ಉಸಿರಾಟ ನಿಮಿಷಕ್ಕೆ 12ರಿಂದ 20 ಇದ್ದರೆ ಸೊನ್ನೆ. 21ರಿಂದ 24 ಇದ್ದರೆ 2. 25 ಅಥವಾ ಹೆಚ್ಚಾದರೆ 3. 8 ಅಥವಾ ಅದಕ್ಕಿಂತ ಕಡಿಮೆಯಾದರೂ 3. ಪೂರ್ಣ ಎಚ್ಚರವಿದ್ದರೆ ಸೊನ್ನೆ. ಹೊಸದಾಗಿ ಗೊಂದಲದ ಮಾತು ಕಾಣಿಸಿಕೊಂಡರೆ ಒಮ್ಮೆಲೇ 3. "ಬಸ್ಸು ಬಂತೇನೋ?" ಎಂಬ ಒಂದು ಪ್ರಶ್ನೆಗೆ ಪೂರ್ತಿ ಮೂರು ಅಂಕ!

ಈಗ ಕಲ್ಪಿತ ರೋಗಿಯೊಬ್ಬರನ್ನು ನೋಡೋಣ. ವಯಸ್ಸು 58, ಆಪರೇಷನ್ ಆದ ಎರಡನೆಯ ದಿನ. ಹೊರಗಿನಿಂದ ಆಮ್ಲಜನಕ ಕೊಡುತ್ತಿಲ್ಲ.

ಸಂಜೆ 6 ಗಂಟೆ: ಉಸಿರಾಟ 18, ಆಮ್ಲಜನಕ 97, ರಕ್ತದೊತ್ತಡ 124, ನಾಡಿ 88, ಪೂರ್ಣ ಎಚ್ಚರ, ಉಷ್ಣತೆ 37.4 ಡಿಗ್ರಿ ಸೆಲ್ಸಿಯಸ್. ಒಟ್ಟು ಅಂಕ 0.

ರಾತ್ರಿ 10 ಗಂಟೆ: ಉಸಿರಾಟ 22 (ಅಂಕ 2), ಆಮ್ಲಜನಕ 95 (1), ರಕ್ತದೊತ್ತಡ 118 (0), ನಾಡಿ 98 (1), ಎಚ್ಚರ ಸರಿಯಾಗಿದೆ (0), ಉಷ್ಣತೆ 38.2 (1). ಒಟ್ಟು 5.

ರಾತ್ರಿ 2 ಗಂಟೆ: ಉಸಿರಾಟ 26 (3), ಆಮ್ಲಜನಕ 93 (2), ರಕ್ತದೊತ್ತಡ 104 (1), ನಾಡಿ 116 (2), ಗೊಂದಲದ ಮಾತು (3), ಉಷ್ಣತೆ 38.6 (1). ಒಟ್ಟು 12.

ಎರಡು ಗಂಟೆಯ ರೋಗಿಯನ್ನು ನೋಡಿದರೆ ಯಾರಿಗಾದರೂ ಗಾಬರಿಯಾಗುತ್ತದೆ. ಆದರೆ ಹತ್ತು ಗಂಟೆಯ ಸಾಲನ್ನು ಇನ್ನೊಮ್ಮೆ ಓದಿ. ಅಲ್ಲಿ ಒಂದು ಅಂಕಿಯೂ ಭಯ ಹುಟ್ಟಿಸುವಂತಿಲ್ಲ. "ಸ್ವಲ್ಪ ಜ್ವರ, ಸ್ವಲ್ಪ ಆಯಾಸ" ಎಂದು ದಾಟಿಹೋಗಬಹುದು. ಕೂಡಿದಾಗ ಮಾತ್ರ 5 ಬರುತ್ತದೆ. ಪಟ್ಟಿಯ ಪ್ರಕಾರ 5 ಎಂದರೆ ವೈದ್ಯರು ಅಥವಾ ತರಬೇತಿ ಪಡೆದವರು ತುರ್ತಾಗಿ ಬಂದು ನೋಡಬೇಕು, ಗಂಟೆಗೊಮ್ಮೆಯಾದರೂ ಅಳತೆ ನಡೆಯಬೇಕು. 7 ಅಥವಾ ಹೆಚ್ಚಾದರೆ ತೀವ್ರ ನಿಗಾ ಬಲ್ಲ ತಂಡವೇ ಬರಬೇಕು, ನಿಗಾ ನಿರಂತರವಾಗಿರಬೇಕು. ಒಟ್ಟು ಕಡಿಮೆಯಿದ್ದು ಒಂದೇ ವಿಷಯದಲ್ಲಿ 3 ಬಂದರೂ ಅಲಕ್ಷ್ಯ ಮಾಡುವಂತಿಲ್ಲ. ರಾತ್ರಿ ಹತ್ತರಿಂದ ಎರಡರವರೆಗಿನ ನಾಲ್ಕು ಗಂಟೆಗಳನ್ನು ಉಳಿಸಿಕೊಡುವುದೇ ಈ ಲೆಕ್ಕದ ಉದ್ದೇಶ. ಆ ಅವಧಿಯಲ್ಲಿ ಕಾರಣ ಹುಡುಕಿ, ಸೋಂಕಿದ್ದರೆ ಆಂಟಿಬಯಾಟಿಕ್, ಬೇಕಿದ್ದರೆ ಡ್ರಿಪ್, ಆಮ್ಲಜನಕ ಆರಂಭಿಸಬಹುದು.

ಒಂದು ಎಚ್ಚರಿಕೆ. ಈ ಪಟ್ಟಿ 16 ವರ್ಷ ಮೇಲ್ಪಟ್ಟವರಿಗೆ. ಮಕ್ಕಳಿಗೆ, ಗರ್ಭಿಣಿಯರಿಗೆ ಬೇರೆ ಪಟ್ಟಿಗಳಿವೆ. ದೀರ್ಘಕಾಲದ ಶ್ವಾಸಕೋಶದ ಕಾಯಿಲೆಯ ಕೆಲವರಿಗೆ ಆಮ್ಲಜನಕದ ಗುರಿಯೇ 88ರಿಂದ 92 ಇರುತ್ತದೆ. ಅಲ್ಲದೆ ಅಂಕ ಕಡಿಮೆಯಿದ್ದರೂ ಅನುಭವಿ ಸಿಸ್ಟರ್ ಒಬ್ಬರಿಗೆ "ಏನೋ ಸರಿಯಿಲ್ಲ" ಅನ್ನಿಸಿದರೆ ಆ ಅನಿಸಿಕೆಗೂ ಬೆಲೆಯಿದೆ.

ಗುರುತಿಸಿದರೆ ಸಾಲದು, ಕರೆಯಬೇಕು

ಮಯಾಮಿಯ ಅಧ್ಯಯನದಲ್ಲಿ ಲಕ್ಷಣಗಳು ಬರೆದಿದ್ದವು ಎಂದು ಮೇಲೆ ಹೇಳಿದೆನಲ್ಲ? ಕಂಡದ್ದನ್ನು ಬರೆಯುವುದಕ್ಕೂ ಬಲ್ಲವರು ಬಂದು ನಿಲ್ಲುವುದಕ್ಕೂ ನಡುವೆ ಒಂದು ಕಂದಕವಿದೆ. ಅದನ್ನು ದಾಟಲು ಆಸ್ಟ್ರೇಲಿಯಾದ ಸಿಡ್ನಿಯ ಲಿವರ್‌ಪೂಲ್ ಆಸ್ಪತ್ರೆಯಲ್ಲಿ 1990ರಲ್ಲಿ ಡಾ. ಕೆನ್ ಹಿಲ್ಮನ್ ಮತ್ತು ಸಂಗಡಿಗರು ಹೊಸ ಏರ್ಪಾಡು ಮಾಡಿದರು. ಹೃದಯ ನಿಂತ ಮೇಲೆ ಓಡಿಬರುವ ತಂಡದ ಬದಲು, ನಿಲ್ಲುವ ಮೊದಲೇ ಬರುವ ತಂಡ. ಇಂತಿಂಥ ಲಕ್ಷಣ ಕಂಡರೆ ವಾರ್ಡಿನ ನರ್ಸ್ ಯಾರ ಅಪ್ಪಣೆಗೂ ಕಾಯದೆ ನೇರವಾಗಿ ಅವರನ್ನು ಕರೆಯಬಹುದು. ಕ್ರಮೇಣ ಈ ಕಲ್ಪನೆ ಅನೇಕ ದೇಶಗಳಿಗೆ ಹರಡಿತು.

ಇದರಿಂದ ಸಮಸ್ಯೆ ಬಗೆಹರಿಯಿತೇ? ಆಸ್ಟ್ರೇಲಿಯಾದ 23 ಆಸ್ಪತ್ರೆಗಳಲ್ಲಿ ನಡೆಸಿದ ಪ್ರಯೋಗದ ಫಲಿತಾಂಶ 2005ರಲ್ಲಿ ಹೊರಬಂತು. ತಂಡವಿದ್ದ ಆಸ್ಪತ್ರೆಗಳಲ್ಲಿ ಕರೆಗಳು ಹೆಚ್ಚಾಗಿದ್ದವು. ಆದರೆ ಹೃದಯಸ್ತಂಭನ, ಅನಿರೀಕ್ಷಿತ ಸಾವುಗಳ ಒಟ್ಟು ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕಾರಣಗಳ ಬಗ್ಗೆ ಇಂದಿಗೂ ಚರ್ಚೆಯಿದೆ. ಒಂದು ಸಂಗತಿ ಮಾತ್ರ ಕಣ್ಣಿಗೆ ಹೊಡೆಯುತ್ತಿತ್ತು: ಲಕ್ಷಣಗಳಿದ್ದರೂ ಎಷ್ಟೋ ಸಲ ಯಾರೂ ಕರೆ ಮಾಡಿರಲಿಲ್ಲ. ತಂಡ ಸಿದ್ಧವಿತ್ತು, ಫೋನೂ ಇತ್ತು. ಸಂಕೋಚ ಹೋಗಿರಲಿಲ್ಲ. "ದೊಡ್ಡ ಡಾಕ್ಟರನ್ನು ಈ ಹೊತ್ತಿನಲ್ಲಿ ಎಬ್ಬಿಸುವುದೇ?" ಎಂಬ ಹಿಂಜರಿಕೆ ನಮ್ಮಲ್ಲಿ ಮಾತ್ರ ಇರುವುದಲ್ಲ ಎಂದಾಯಿತು.

ಕರೆಯುವಾಗ ಹೇಗೆ ಹೇಳಬೇಕೆಂಬುದಕ್ಕೂ ಕ್ರಮವಿದೆ. ಈಗೇನಾಗಿದೆ, ಹಿನ್ನೆಲೆಯೇನು, ನನ್ನ ಅಂದಾಜೇನು, ನಿಮ್ಮಿಂದ ಏನು ಬೇಕು, ಈ ನಾಲ್ಕು ಮೆಟ್ಟಿಲು. "ಡಾಕ್ಟರೇ, ಹನ್ನೆರಡನೇ ಬೆಡ್ಡಿನವರು ಯಾಕೋ ಸರಿಯಿಲ್ಲ" ಎಂದರೆ ಅರ್ಧ ನಿದ್ದೆಯಲ್ಲಿರುವವರು "ಬೆಳಿಗ್ಗೆ ನೋಡೋಣ" ಎನ್ನಬಹುದು. ಅದರ ಬದಲು: "ಡಾಕ್ಟರೇ, ಹನ್ನೆರಡನೇ ಬೆಡ್ಡಿನವರ ಉಸಿರಾಟ 22 ಆಗಿದೆ, ಸಂಜೆ 18 ಇತ್ತು. ಹೊಟ್ಟೆಯ ಆಪರೇಷನ್ ಆಗಿ ಎರಡು ದಿನ. ಜ್ವರವಿದೆ, ಒಟ್ಟು ಅಂಕ 5. ಸೋಂಕು ಏರುತ್ತಿರಬಹುದು ಅನ್ನಿಸುತ್ತದೆ. ದಯವಿಟ್ಟು ಈಗಲೇ ಬಂದು ನೋಡಿ." ಎರಡನೆಯ ಕರೆಗೆ ಇಲ್ಲವೆನ್ನುವುದು ಕಷ್ಟ.

ಮನೆಯವರ ಮಾತಿಗೂ ದಾರಿ

ದಿನವೂ ರೋಗಿಯನ್ನು ಕಂಡವರಿಗೆ ಯಂತ್ರಕ್ಕೆ ಗೊತ್ತಿಲ್ಲದ ಒಂದು ವಿಷಯ ಗೊತ್ತಿರುತ್ತದೆ: "ಇವರು ಎಂದೂ ಹೀಗೆ ಮಾತನಾಡುವವರಲ್ಲ." ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ 2007ರಲ್ಲಿ ರಯಾನ್ ಎಂಬ ಪುಟ್ಟ ಮಗು ಆಸ್ಪತ್ರೆಯಲ್ಲಿ ತೀರಿಕೊಂಡಿತು. ಮಗುವಿನ ಸ್ಥಿತಿ ಕೆಡುತ್ತಿದೆ ಎಂಬ ಹೆತ್ತವರ ಆತಂಕಕ್ಕೆ ತಕ್ಕ ಸ್ಪಂದನೆ ಸಿಕ್ಕಿರಲಿಲ್ಲ. ಇಂಗ್ಲೆಂಡಿನಲ್ಲಿ 2021ರಲ್ಲಿ ಮಾರ್ಥಾ ಎಂಬ 13 ವರ್ಷದ ಹುಡುಗಿ ರಕ್ತದ ಸೋಂಕಿನಿಂದ ತೀರಿಕೊಂಡಳು. ಅಲ್ಲಿಯೂ ಹೆತ್ತವರ ಮಾತು ಕೇಳಿಸಿರಲಿಲ್ಲ. ಇವೆರಡು ದುರಂತಗಳ ಫಲವಾಗಿ ಕ್ವೀನ್ಸ್‌ಲ್ಯಾಂಡಿನಲ್ಲಿ "ರಯಾನ್ಸ್ ರೂಲ್", 2024ರಿಂದ ಇಂಗ್ಲೆಂಡಿನಲ್ಲಿ "ಮಾರ್ಥಾಸ್ ರೂಲ್" ಜಾರಿಗೆ ಬಂದವು. ರೋಗಿಯ ಸ್ಥಿತಿ ಹದಗೆಡುತ್ತಿದೆ, ಸರಿಯಾಗಿ ಗಮನ ಸಿಗುತ್ತಿಲ್ಲ ಎನ್ನಿಸಿದರೆ ಮನೆಯವರೇ ಬೇರೊಂದು ತಂಡದ ಪರಿಶೀಲನೆ ಕೋರಬಹುದು.

ನೀವು ಮಾಡಬಹುದಾದದ್ದು

ವಾರ್ಡಿನಲ್ಲಿ ಇರಬೇಕಾಗಿ ಬಂದರೆ ಮೊದಲ ಸಂಜೆಯೇ, "ಸಿಸ್ಟರ್, ರಾತ್ರಿ ತೊಂದರೆಯಾದರೆ ಯಾರನ್ನು ಕರೆಯಬೇಕು?" ಎಂದು ಕೇಳಿಟ್ಟುಕೊಳ್ಳಿ. ಎಚ್ಚರವಾದಾಗಲೆಲ್ಲ ಗಡಿಯಾರ ನೋಡುತ್ತ ಒಂದು ಪೂರ್ತಿ ನಿಮಿಷ ಉಸಿರನ್ನು ಎಣಿಸಿ. ಎದೆ ಒಮ್ಮೆ ಏರಿ ಇಳಿದರೆ ಒಂದು. ಎಣಿಸುತ್ತಿದ್ದೇನೆಂದು ರೋಗಿಗೆ ಹೇಳಬೇಡಿ, ಹೇಳಿದರೆ ಉಸಿರಾಟ ಬದಲಾಗುತ್ತದೆ. ನಾಡಿ ನೋಡುವವರಂತೆ ಮಣಿಕಟ್ಟು ಹಿಡಿದುಕೊಂಡೇ ಎದೆಯನ್ನು ನೋಡಿ. ಅಂಕಿಯನ್ನೂ ಸಮಯವನ್ನೂ ಚೀಟಿಯಲ್ಲಿ ಬರೆಯಿರಿ. ಉಸಿರಾಟ ಏರುತ್ತಿದ್ದರೆ, ಮಾತು ತೊದಲಿದರೆ ಅಥವಾ ಗೊಂದಲವಾದರೆ, ಕೈಕಾಲು ತಣ್ಣಗಾದರೆ, ಎಬ್ಬಿಸಲು ಕಷ್ಟವಾದರೆ, ಮೂತ್ರ ತೀರ ಕಡಿಮೆಯಾದರೆ ಕಾಯಬೇಡಿ. ಆಮ್ಲಜನಕದ ಕೊಳವೆಯನ್ನೋ ಡ್ರಿಪ್ಪನ್ನೋ ನೀವೇ ಮುಟ್ಟಬೇಡಿ. ಹೋಗಿ ಹೇಳಿ. ಅಂಕಿ ಹೇಳಿ. ಯಾರೂ ಬಾರದಿದ್ದರೆ ಮತ್ತೆ ಹೋಗಿ ಹೇಳಿ.

ಮಾಡಿ ನೋಡಿ

ಇಂದು ರಾತ್ರಿ ಮನೆಯಲ್ಲಿ ಮಲಗಿರುವವರ ಉಸಿರಾಟವನ್ನು ಒಂದು ನಿಮಿಷ ಎಣಿಸಿ. ಗೆಳೆಯರ ಮನೆಗಳ ಅಂಕಿಗಳನ್ನೂ ಸೇರಿಸಿ ತರಗತಿಯಲ್ಲಿ ಪಟ್ಟಿ ಮಾಡಿ. ಮೆಟ್ಟಿಲು ಹತ್ತಿ ಬಂದ ಕೂಡಲೇ ಎಷ್ಟಿರುತ್ತದೆ, ಐದು ನಿಮಿಷದ ನಂತರ ಎಷ್ಟು ಎಂಬುದನ್ನೂ ನೋಡಿ. ಎಣಿಸುತ್ತಿರುವುದು ಗೊತ್ತಾದಾಗ ಅಂಕಿ ಬದಲಾಗುತ್ತದೆಯೇ? ಒಂದು ನಿಮಿಷ ಎಷ್ಟು ದೀರ್ಘವೆಂದು ಆಗ ತಿಳಿಯುತ್ತದೆ.

ನಮ್ಮ ಕಾರ್ಯಕ್ರಮದಲ್ಲಿ ವೈದ್ಯರೊಬ್ಬರು, ವಾರ್ಡಿನ ಹಿರಿಯ ಸಿಸ್ಟರ್ ಒಬ್ಬರು ಮಾತನಾಡುತ್ತಾರೆ. ಚಿತ್ರೀಕರಣದ ಬಿಡುವಿನಲ್ಲಿ ನಾನು ಆ ಸಿಸ್ಟರನ್ನು, "ರಾತ್ರಿ ಎರಡು ಗಂಟೆಗೆ ಒಬ್ಬ ಹುಡುಗ ಬಂದು, ನಮ್ಮ ದೊಡ್ಡಪ್ಪ ಬೇಗ ಬೇಗ ಉಸಿರಾಡುತ್ತಿದ್ದಾರೆ ಎಂದರೆ ಬೈಯುತ್ತೀರಾ?" ಎಂದು ಕೇಳಿದೆ. "ಬೈದರೂ ಬೈದೇನು ಸಾರ್, ಆದರೆ ಎದ್ದು ಬಂದು ನೋಡುತ್ತೇನೆ" ಎಂದರು. ಆ ಉತ್ತರವನ್ನು ನಾನು ಬಹಳ ವರ್ಷ ತಡವಾಗಿ ಕೇಳಿದೆ. ನೀವು ಈಗಲೇ ಕೇಳಿಸಿಕೊಳ್ಳಿ.